ಅಪ್ಪನ ಹಿಮ್ಮುಖ ನಡಿಗೆ

ಅಪ್ಪನ ಹಿಮ್ಮಡಿಗೂ ಕಟ್ಟೆಯಿಲ್ಲದ ಬಾವಿಗೂ ನಡುವೆ ಎರಡೇ ಹೆಜ್ಜೆ ಉಳಿದಿದ್ದವು. ಮೋರಖಂಡಿಯ ಹೊಲದ ದಾರಿಯಲ್ಲಿ ಅವರು ಹಿಂದಕ್ಕೆ ನಡೆಯುತ್ತಿದ್ದರು. ದೂರದಿಂದ ಕಂಡ ನಾನು ಓಡತೊಡಗಿದೆ. ಅಷ್ಟರಲ್ಲಿ ಆಡು ಮೇಯಿಸುತ್ತಿದ್ದ ಹೆಂಗಸೊಬ್ಬಳು ಜಾಲಿಯ ಕೊಂಬೆ ಬಗ್ಗಿಸುವ ಕೊಕ್ಕೆಗೋಲನ್ನು ಅವರ ತೋಳಿಗೆ ಸಿಕ್ಕಿಸಿ ಈಚೆಗೆ ಎಳೆದಳು.

“ಕಾಕಾ, ಬೆನ್ನಿಗಿ ಕಣ್ಣ ಅದಾವೇನ್ರಿ?”

“ಹಿಂದಕ್ಕ ನಡದ್ರ ಮೊಣಕಾಲ ನೋವು ಹೋಗ್ತದಂತವ್ವಾ. ಮೊಬೈಲ್‌ನಾಗ ನೋಡೀನಿ,” ಎಂದರು ಅಪ್ಪ, ಬೆವರು ಒರೆಸಿಕೊಳ್ಳುತ್ತ.

“ಬಾವ್ಯಾಗ ಬಿದ್ದಿದ್ರ ಎಲ್ಲಾ ನೋವೂ ಒಮ್ಮಿಗೇ ಹೋಗ್ತಿದ್ವು ಬಿಡ್ರಿ!”

ಅಷ್ಟಾದರೂ ಅಪ್ಪ ವಾಕಿಂಗ್ ಬಿಡಲಿಲ್ಲ, ಮುಖ ಮುಂದೆ ಮಾಡಿಕೊಂಡು ನಡೆಯುತ್ತಾರೆ, ಅಷ್ಟೇ. ಅವರನ್ನು ಕಾಯಲೆಂದೇ ದಿನವೂ ಜೊತೆಗೆ ಹೋಗುತ್ತಿರುವ ನಾನು ಮೊನ್ನೆ ಸಡಿಲವಾದ ನನ್ನ ಬೆಲ್ಟಿಗೆ ಹೊಸ ತೂತು ಹೊಡೆಸಬೇಕಾಯಿತು.