ಲಿನ್ ಡಾಕ್ಟರ ಎರಡು ಮರ

ದಣಿವಿಗೂ ನನಗೂ ಹಳೆಯ ಸ್ನೇಹ. ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿ ಮಕ್ಕಳಿಂದ ಹೂಜಿ, ಬಾಳೆಹಣ್ಣು, ಮತ್ತೆ ಹೂಜಿ ಬರೆಸಿ ಬರೆಸಿ, ಸಂಜೆ ಮನೆಗೆ ಬಂದರೆ ನೀರು ಕುಡಿಯಲೂ ಹೂಜಿಯ ಮುಖ ನೋಡುವ ಮನಸ್ಸಾಗುತ್ತಿರಲಿಲ್ಲ. ಇಂಥವನು ನಡುವಯಸ್ಸು ದಾಟಿದ ಮೇಲೆ ಚೀನೀ ಅಕ್ಷರ ಕಲಿತೆ ಎಂದರೆ ನೀವು ನಗುತ್ತೀರಿ. ಒಂದೇ ಅಕ್ಷರ, ಸ್ವಾಮಿ. ಅದಕ್ಕೂ ಕಾರಣ ವಿದ್ಯಾದಾಹವಲ್ಲ, ಹಲ್ಲುನೋವು.

ಅದು ಎರಡನೇ ಮಹಾಯುದ್ಧದ ಕಾಲ. ಮಂಗಳೂರಿನ ಕಂಕನಾಡಿ ಪೇಟೆಯಲ್ಲಿ ಒಬ್ಬ ಚೀನೀ ಹಲ್ಲಿನ ಡಾಕ್ಟರಿದ್ದರು. ಹೆಸರು ಲಿನ್. ನಮ್ಮೂರಿನ ಬಾಯಿಗೆ ಅಷ್ಟು ಗಿಡ್ಡ ಹೆಸರು ಸಾಲದೆ ಜನ ಅವರನ್ನು ಲಿಂಗಣ್ಣ ಡಾಕ್ಟರು ಮಾಡಿಬಿಟ್ಟಿದ್ದರು. ಬಿಕರ್ನಕಟ್ಟೆಯ ಕಮಲಕ್ಕನನ್ನು ಮದುವೆಯಾಗಿ, ತುಳುವಿನಲ್ಲೇ ಜಗಳಾಡುವಷ್ಟು ಊರಿನವರಾಗಿದ್ದರು. ಒಬ್ಬಳೇ ಮಗಳು ಲೀಲಾ ನಮ್ಮ ಶಾಲೆಯಲ್ಲಿ ಓದುತ್ತಿದ್ದಳು.

ಡಾಕ್ಟರು ನನ್ನ ಹಲ್ಲುಗಳನ್ನು ಕಿತ್ತು, ಕಟ್ಟುಹಲ್ಲಿನ ಅಚ್ಚು ತೆಗೆಯಲೆಂದು ಮತ್ತೆ ಮತ್ತೆ ಬರಹೇಳುತ್ತಿದ್ದರು. ಅಂಗಡಿಯ ಬೋರ್ಡಿನಲ್ಲಿ ಚೀನೀ ಅಕ್ಷರದಲ್ಲಿದ್ದ ಅವರ ಮನೆತನದ ಹೆಸರು ಉಪ್ಪುಗಾಳಿಗೆ ಎದ್ದುಹೋಗಿತ್ತು. ಇಕ್ಕಳ ಹಿಡಿದಾಗ ಅಲುಗದ ಅವರ ಕೈ, ಕುಂಚ ಹಿಡಿದರೆ ಯಾಕೋ ನಡುಗುತ್ತಿತ್ತು.

“ನೀವು ಬರೆದು ಕೊಡ್ತೀರಾ ಮಾಷ್ಟ್ರೇ?” ಎಂದು ಕೇಳಿದರು.

ಹೂಜಿಗಿಂತ ಸುಲಭವೆಂದುಕೊಂಡು, ಬೋರ್ಡಿನಲ್ಲಿ ಉಳಿದಿದ್ದ ಗುರುತು ನೋಡಿ ಕಾಗದದ ಮೇಲೆ ಕ್ಷಣದಲ್ಲಿ ಬರೆದು ತೋರಿಸಿದೆ. ಡಾಕ್ಟರು ಅದನ್ನು ದೂರ ಹಿಡಿದು ನೋಡಿದರು.

“ಇದು ಅಕ್ಷರ ಅಲ್ಲ ಮಾಷ್ಟ್ರೇ. ಅಕ್ಷರದ ಫೋಟೋ.”

ಲಿನ್ ಎಂಬ ಅಕ್ಷರವೆಂದರೆ ಪಕ್ಕಪಕ್ಕದಲ್ಲಿ ನಿಂತ ಎರಡು ಮರ; ಅರ್ಥ ತೋಪು. ಮೊದಲು ಅಡ್ಡಗೆರೆ, ಆಮೇಲೆ ಮೇಲಿನಿಂದ ಕೆಳಕ್ಕೆ ಕಾಂಡ, ಕೊನೆಗೆ ಇಕ್ಕೆಲಕ್ಕೆ ಇಳಿಯುವ ಓರೆಗೆರೆಗಳು, ಎಡಗಾಲು, ಬಲಗಾಲು. ನಾನು ಕಾಂಡವನ್ನು ಬುಡದಿಂದ ಮೇಲಕ್ಕೆ ಎಳೆದಿದ್ದೆ.

“ಮರ ಕೆಳಗಿನಿಂದ ಅಲ್ವಾ ಬೆಳೆಯೂದು?” ಎಂದು ವಾದಿಸಿದೆ.

“ಮರ ಬೆಳೀಲಿ ಮಾರಾಯ್ರೇ. ನೀವು ಮೇಲಿಂದ ಬರೀರಿ.”

ಬರೆದೆ. ಮತ್ತೆ ಬರೆದೆ. ನಮ್ಮ ಅಕ್ಷರಗಳು ತಾಳೆಗರಿಯ ಮೇಲೆ ಬೆಳೆದವು. ನೇರ ಗೆರೆ ಎಳೆದರೆ ಗರಿ ಸೀಳೀತೆಂದು ದುಂಡಗಾದವು ಎನ್ನುತ್ತಾರೆ. ದುಂಡಕ್ಷರ ದಯಾಳು. ಕೈ ಸೋತರೆ ತಿರುವಿನಲ್ಲಿ ಮರೆಸಬಹುದು. ಕುಂಚದ ನೇರ ಗೆರೆಯಲ್ಲಿ ಅವಿತುಕೊಳ್ಳಲು ಜಾಗವೇ ಇಲ್ಲ. ದಿನವಿಡೀ ಶಾಲೆಯಲ್ಲಿ ನಿಂತ ನನ್ನ ಆಯಾಸವೆಲ್ಲ ಅಲ್ಲಿ ಕಪ್ಪಗೆ ಕಾಣುತ್ತಿತ್ತು. ಅಷ್ಟು ಸಾಲದೆಂಬಂತೆ ಡಾಕ್ಟರು ಇನ್ನೊಂದು ತಕರಾರು ತೆಗೆದರು:

“ಎಡಗಡೆ ಮರದ ಬಲಗಾಲು ಗಿಡ್ಡ ಮಾಡಿ. ಪಕ್ಕದವನಿಗೆ ನಿಲ್ಲಲಿಕ್ಕೆ ಜಾಗ ಬೇಡ್ವಾ?”

ಈ ಪಾಠಕ್ಕೆ ಅವರು ಮಗಳನ್ನೂ ಕರೆಯುತ್ತಿದ್ದರು. “ನನಗೆ ಬೇಡಪ್ಪ,” ಎಂದು ಲೀಲಾ ಒಳಗೆ ಹೋಗಿಬಿಡುತ್ತಿದ್ದಳು. ಶಾಲೆಯಲ್ಲಿ ಮಕ್ಕಳು ಬೆರಳಿನಿಂದ ಕಣ್ಣು ಎಳೆದುಕೊಂಡು ಅವಳನ್ನು ಗೇಲಿ ಮಾಡುವುದು ನನಗೆ ಗೊತ್ತಿತ್ತು; ಬೈದು ಬೈದು ನನಗೂ ಸಾಕಾಗಿತ್ತು. ಡಾಕ್ಟರು ಒತ್ತಾಯಿಸುತ್ತಿರಲಿಲ್ಲ. ತೊಳೆದಿಟ್ಟ ಇಕ್ಕಳವನ್ನೇ ಇನ್ನೊಮ್ಮೆ ತೊಳೆಯುತ್ತಿದ್ದರು.

ಕೊನೆಗೂ ಬೋರ್ಡು ಏರಿತು. ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ಡಾಕ್ಟರು ತೀರಿಕೊಂಡರು. ಅವರ ಕಡೆಯವರಿಗೆ ತಿಳಿಸೋಣವೆಂದರೆ ಯುದ್ಧದಲ್ಲಿ ಆ ದೇಶಕ್ಕೆ ಟಪಾಲು ಹೋಗುತ್ತಿರಲಿಲ್ಲ. ಕಮಲಕ್ಕ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕುಳಿತರು.

“ಮಣ್ಣು ಮಾಡಿದಲ್ಲಿ ಒಂದು ಕಲ್ಲು ಹಾಕಿಸ್ತೇನೆ ಮಾಷ್ಟ್ರೇ. ಅದರಲ್ಲಿ ಅವರ ಅಕ್ಷರ ಬೇಕು. ಈ ಊರಲ್ಲಿ ನಿಮ್ಮನ್ನು ಬಿಟ್ಟರೆ ಬೇರೆ ಯಾರಿಗೆ ಗೊತ್ತುಂಟು?”

ಇಡೀ ಮಂಗಳೂರಿನಲ್ಲಿ ಒಂದು ವಿದ್ಯೆಗೆ ನಾನೊಬ್ಬನೇ ಪಂಡಿತನಾಗಿದ್ದು ಹೀಗೆ. ಹೆಮ್ಮೆಯಾಗಲಿಲ್ಲ, ಹೆದರಿಕೆಯಾಯಿತು. ನನ್ನ ಕೈ ತಪ್ಪಿದರೆ ತಿದ್ದುವವರು ಯಾರೂ ಇರಲಿಲ್ಲ.

ಕಲ್ಲುಕುಟಿಗನ ಅಂಗಳದಲ್ಲಿ ಕಲ್ಲಿನ ಮುಂದೆ ಸೀಮೆಸುಣ್ಣ ಹಿಡಿದು ಬಗ್ಗಿದೆ. ತುಂತುರು ಮಳೆ. ಬೆನ್ನು ನೋಯುತ್ತಿತ್ತು; ಮೊದಲ ಗೆರೆಯನ್ನೇ ಎರಡು ಸಲ ಒರೆಸಿದೆ. ತಾಯಿಯ ಜೊತೆ ಬಂದಿದ್ದ ಲೀಲಾ ನನ್ನ ಮುಂದೆ ಕೈ ಚಾಚಿದಳು.

“ಕೊಡಿ ಮಾಷ್ಟ್ರೇ. ನಾನು ಬರೀತೇನೆ.”

“ನಿನಗೆ ಬರ್ತದಾ?”

“ಅಪ್ಪ ನಿಮಗೆ ಹೇಳಿಕೊಡುವಾಗ ಬಾಗಿಲ ಹಿಂದಿನಿಂದ ನೋಡ್ತಾ ಇದ್ದೆ.”

ಕಮಲಕ್ಕ ಕೊಡೆಯನ್ನು ತಮ್ಮ ತಲೆಯ ಮೇಲಿಂದ ತೆಗೆದು ಕಲ್ಲಿನ ಮೇಲೆ ಹಿಡಿದರು. ಹುಡುಗಿ ಅವಸರ ಮಾಡಲಿಲ್ಲ. ಅಡ್ಡಗೆರೆ, ಕಾಂಡ, ಎಡಗಾಲು. ಬಲಗಾಲಿಗೆ ಬಂದಾಗ ಕೈ ತಡೆದು, ಗಿಡ್ಡ ಮಾಡಿದಳು. ಆಮೇಲೆ ಪಕ್ಕದ ಮರ. ತಾಯಿ ಬೆನ್ನೆಲ್ಲ ಒದ್ದೆ ಮಾಡಿಕೊಂಡು ನೋಡುತ್ತಿದ್ದರು. ನನಗೆ ತಿದ್ದಲು ಏನೂ ಉಳಿದಿರಲಿಲ್ಲ.

ಕಲ್ಲುಕುಟಿಗ ಬಂದು ಸುತ್ತ ತಿರುಗಿ ನೋಡಿ ತಲೆ ಕೆರೆದುಕೊಂಡ.

“ಇದರ ತಲೆ ಎತ್ತ ಮಾಷ್ಟ್ರೇ? ಉಲ್ಟಾ ನಿಲ್ಲಿಸಿದ್ರೆ ಕಷ್ಟ ಉಂಟಲ್ಲ.”

ಅಭ್ಯಾಸಬಲದಿಂದ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಲೀಲಾ, “ಈಚೆ ತಲೆ. ಅದು ನಮ್ಮ ಹೆಸರು,” ಎಂದಳು.

ನಾನು ಬಾಯಿ ಮುಚ್ಚಿ ಅಲ್ಲೇ ಇದ್ದ ಒಂದು ಕಲ್ಲಿನ ಮೇಲೆ ಕುಳಿತೆ. ಬೇಸಿಗೆ ರಜೆ, ದಸರಾ ರಜೆ ಎಲ್ಲ ನೋಡಿದವನು ನಾನು. ತನ್ನನ್ನು ಕೇಳಿದ ಪ್ರಶ್ನೆಗೆ ಇನ್ನೊಬ್ಬರು ಮೊದಲೇ ಉತ್ತರ ಕೊಟ್ಟುಬಿಡುವುದಿದೆಯಲ್ಲ, ಮಾಸ್ತರನಾದವನಿಗೆ ನಿಜವಾದ ರಜೆ ಅದೊಂದೇ.