ಸೈರನ್ ಕ್ಯಾಚ್

ಸುತ್ತಮುತ್ತಲ ಮೈದಾನಗಳಲ್ಲಿ ಅವಳಿಗೆ ‘ಬಿರುಗಾಳಿ’ ಎಂದೇ ಹೆಸರು. ಬರುತ್ತಾಳೆ, ಬೀಸುತ್ತಾಳೆ, ಹೋಗುತ್ತಾಳೆ. ವಾರವಿಡೀ ಸೋಪಿನ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ದುಡಿದು, ಭಾನುವಾರ ಕಾರ್ಖಾನೆಯ ಹೆಂಗಸರ ತಂಡಕ್ಕೆ ಮೊದಲ ಬ್ಯಾಟು ಹಿಡಿಯುತ್ತಿದ್ದಳು. ಮದುವೆಯಾದ ವರ್ಷದಿಂದ ಆಡುತ್ತಿದ್ದರೂ ಅವಳ ಹೆಸರಿನಲ್ಲಿ ಒಂದೇ ಒಂದು ಶತಕವಿರಲಿಲ್ಲ. ಐವತ್ತು, ಅರವತ್ತು, ಆಮೇಲೆ ಔಟು.

ಅವಳಿಗೆ ಬೇಗ ಹೊಡೆಯುವುದನ್ನು ಕಲಿಸಿದ್ದು ಹಸಿವು, ಅದೂ ಅಣ್ಣಂದಿರ ಹಸಿವು. ಚಿಕ್ಕಂದಿನಲ್ಲಿ ಅವಳ ಪಾಲಿಗೆ ಬಂದದ್ದು ಚರಂಡಿಗೆ ಬಿದ್ದ ಚೆಂಡನ್ನು ತೊಳೆದು ಕೊಡುವ ಕೆಲಸ. ಅಮ್ಮ ಊಟಕ್ಕೆ ಕೂಗಿದಾಗ ಅಣ್ಣಂದಿರು ಬ್ಯಾಟು ಬಿಸಾಡಿ ಓಡುತ್ತಿದ್ದರು. ಅವರು ಉಂಡೇಳುವುದರೊಳಗೆ ಚೆಂಡನ್ನು ಗೋಡೆಗೆ ಎಸೆದು, ಪುಟಿದು ಬಂದದ್ದನ್ನು ಬಾರಿಸಿ, ಅವರ ತಟ್ಟೆ ತೊಳೆಯಲು ಒಳಗೆ ಹೋಗಬೇಕು.

ಕಾರ್ಖಾನೆಯ ತಂಡದಲ್ಲೂ ಬ್ಯಾಟಿಂಗ್ ಸರದಿಯನ್ನು ಅಡುಗೆಮನೆಯೇ ನಿರ್ಧರಿಸುತ್ತಿತ್ತು. ಯಾರು ಬೇಗ ಮನೆಗೆ ಹೋಗಬೇಕೋ ಅವರು ಮೊದಲು ಆಡಬೇಕು. ಬಡಿಸಿ, ಪಾತ್ರೆ ತೊಳೆದು, ಫೀಲ್ಡಿಂಗ್ ಹೊತ್ತಿಗೆ ಓಡಿ ಬರಬೇಕು. ಭಾನುವಾರವೂ ತಪ್ಪದ ಕಾರ್ಖಾನೆಯ ಮಧ್ಯಾಹ್ನದ ಸೈರನ್ ಕೂಗಿತೆಂದರೆ ಬಿರುಗಾಳಿಯ ತಲೆಯಲ್ಲಿ ಅತ್ತೆಯ ಮಾತ್ರೆ, ಗಂಡನ ತಟ್ಟೆ, ಇನ್ನೂ ಒಲೆಗೇರದ ಅಕ್ಕಿ. ಮುಂದಿನ ಚೆಂಡನ್ನು ಆಕಾಶಕ್ಕೆತ್ತಿ, ಕ್ಯಾಚ್ ಆಯಿತೋ ಇಲ್ಲವೋ ತಿರುಗಿಯೂ ನೋಡದೆ ಗ್ಲೌಸು ಬಿಚ್ಚುತ್ತ ನಡೆದುಬಿಡುತ್ತಿದ್ದಳು. ಎದುರಾಳಿಗಳು ಅದಕ್ಕೆ ‘ಸೈರನ್ ಕ್ಯಾಚ್’ ಎಂದು ಹೆಸರಿಟ್ಟು, ಹೊತ್ತಿಗೆ ಸರಿಯಾಗಿ ಒಬ್ಬಳನ್ನು ಬೌಂಡರಿಯಲ್ಲಿ ನಿಲ್ಲಿಸುತ್ತಿದ್ದರು.

ಪ್ರಾಂತ್ಯ ತಂಡದ ಆಯ್ಕೆಗಾರ್ತಿ ಕಳೆದ ವರ್ಷ ಬಂದು ನೋಡಿ, “ಹೊಡೆತ ಚೆನ್ನಾಗಿದೆ. ನಿಲ್ಲೋ ತಾಳ್ಮೆ ಇಲ್ಲ,” ಎಂದಿದ್ದಳು. ತಾಳ್ಮೆ! ಒಲೆಯ ಮುಂದೆ, ಸೋಪಿನ ಪೆಟ್ಟಿಗೆಗಳ ಮುಂದೆ ನಿಂತು ನಿಂತು ಕಾಲಿನ ನರ ಉಬ್ಬಿದ್ದವಳಿಗೆ ಆ ಮಾತು ವರ್ಷವಿಡೀ ಎದೆಯಲ್ಲಿ ಕುಟುಕುತ್ತಿತ್ತು. ಈ ಸಲದ ಟೂರ್ನಿಯ ಫೈನಲ್ಲಿಗೂ ಆಕೆ ಬರುವವಳಿದ್ದಳು. ಬಿರುಗಾಳಿಯ ವಯಸ್ಸು ಮೂವತ್ತನಾಲ್ಕು. ಈಗಿಲ್ಲದಿದ್ದರೆ ಇನ್ನಿಲ್ಲ.

ಶನಿವಾರ ಸಂಜೆ ಗಂಡನಿಗೆ ಹೇಳಿದಳು: “ನಾಳೆ ಊಟಕ್ಕೆ ನನ್ನ ಕಾಯಬೇಡಿ.”

“ಮತ್ಯಾರನ್ನ ಕಾಯೋದು?”

“ಯಾರನ್ನೂ ಕಾಯೋದು ಬೇಡ. ಅಕ್ಕಿ ಇದೆ, ಒಲೆ ಇದೆ, ನೀವಿದ್ದೀರಿ.”

ಅತ್ತೆ ಮೂಲೆಯಿಂದ ನಕ್ಕರು. “ಅವನಿಗೆ ನೀರು ಕಾಯಿಸೋಕೂ ಬರಲ್ಲ ಕಣೇ.”

“ನನಗೂ ಹುಟ್ತಾನೇ ಬರ್ತಿರಲಿಲ್ಲ ಅತ್ತೆ.”

ಫೈನಲ್ಲಿನ ದಿನ ಮೊದಲು ಬ್ಯಾಟಿಂಗ್ ಸಿಕ್ಕಿತು. ಅವಳು ಅರವತ್ತು ದಾಟುವಾಗ ಸೈರನ್ ಕೂಗಿತು. ಬೌಂಡರಿಯವಳು ಹಿಂದೆ ಸರಿದು ಅಂಗೈ ಉಜ್ಜಿಕೊಂಡಳು. ಬೌಲರ್ ಬೇಕೆಂದೇ ಚೆಂಡನ್ನು ಎತ್ತಿ ಹಾಕಿದಳು, ಮಗುವಿನ ಮುಂದೆ ಮಿಠಾಯಿ ಆಡಿಸಿದ ಹಾಗೆ. ಬಿರುಗಾಳಿ ಮುಂಗಾಲು ಚಾಚಿ, ಬ್ಯಾಟು ನೆಲಕ್ಕೂರಿ, ಚೆಂಡನ್ನು ಕಾಲಬುಡದಲ್ಲೇ ಸಾಯಿಸಿದಳು. ವಿಕೆಟ್ ಕೀಪರ್ ಬಾಯಿಬಿಟ್ಟು ಕೇಳಿದಳು: “ಯಾಕಕ್ಕಾ, ಮನೇಲಿ ಉಪವಾಸಾನಾ?”

“ಗೊತ್ತಿಲ್ಲಮ್ಮ. ನಾನು ಇಲ್ಲಿದ್ದೀನಲ್ಲ.”

ಆದರೆ ಪ್ಯಾಡು ಕಟ್ಟಿ ಕೂತಿದ್ದ ಮುಂದಿನವಳಿಗೆ ನಗು ಬರಲಿಲ್ಲ. ನೀರಿನ ಬಾಟಲಿ ಹಿಡಿದು ಒಳಗೆ ಬಂದವಳೇ ಗೋಗರೆದಳು: “ಅಕ್ಕಾ, ಔಟಾಗೇ! ನಾನು ಆಡಿ ಓಡಬೇಕು, ಮಗು ಹಸ್ಕೊಂಡಿರುತ್ತೆ.”

ಬಿರುಗಾಳಿ ಅವಳ ಮುಖ ನೋಡುತ್ತ ಬಾಟಲಿ ತೆಗೆದುಕೊಂಡು ಒಂದು ಗುಟುಕು ಕುಡಿದಳು. ಇಷ್ಟು ವರ್ಷ ಈ ಮಾತಿಗೇ ಅವಳು ಔಟಾಗುತ್ತಿದ್ದಳು.

“ಮಗು ಹತ್ರ ಯಾರಿದ್ದಾರೆ?”

“ಅವ್ರಿದ್ದಾರೆ. ಮಲಗಿರ್ತಾರೆ.”

“ಫೋನ್ ಮಾಡಿ ಎಬ್ಬಿಸು. ಏಳದಿದ್ರೆ ಮಗೂನೇ ಎಬ್ಬಿಸುತ್ತೆ ಬಿಡು.”

ಅವಳು ಗೊಣಗುತ್ತಲೇ ಹೋಗಿ ಫೋನು ಹಚ್ಚಿದಳು. ಅವಳ ಗಂಡ ಮಗುವನ್ನು ಕಂಕುಳಲ್ಲಿ ಹೊತ್ತು, ತಲೆಗೂದಲು ಕೆದರಿಕೊಂಡು ಮೈದಾನಕ್ಕೇ ಬಂದ. ಅಷ್ಟರಲ್ಲಿ ಬಿರುಗಾಳಿ ತೊಂಬತ್ತರ ಮೇಲಿದ್ದಳು. ಆ ಓಟಗಳು ಬಲು ನಿಧಾನ ಬಂದವು. ಒಂದು ಇಲ್ಲಿ ತಳ್ಳಿ, ಒಂದು ಅಲ್ಲಿ ಕದ್ದು, ತಳ ಹಿಡಿದ ಪಾತ್ರೆಯನ್ನು ತಿಕ್ಕುವಷ್ಟೇ ಪಟ್ಟಾಗಿ. ನೂರಾದಾಗ ಬ್ಯಾಟು ಎತ್ತಬೇಕೆಂಬುದೇ ಅವಳಿಗೆ ಹೊಳೆಯಲಿಲ್ಲ, ಅಭ್ಯಾಸವಿರಲಿಲ್ಲ ನೋಡಿ. ಕೊನೆಯ ಓವರಿನವರೆಗೂ ನಿಂತಳು. ಸಂಜೆ ತಂಡ ಗೆದ್ದಿತು.

ಆಯ್ಕೆಗಾರ್ತಿ ಹತ್ತಿರ ಬಂದಳು. “ನಮ್ಮ ತಂಡದ ಶಿಬಿರ ಒಂದು ತಿಂಗಳು. ದೂರದ ಊರು. ಮನೇಲಿ ಕೇಳಿ ನಾಳೆ ತಿಳಿಸಮ್ಮ.”

“ಬರ್ತೀನಿ ಅಂತ ಈಗ್ಲೇ ಬರ್ಕೊಳ್ಳಿ ಮೇಡಂ. ಮನೇಲಿ ನಾನು ಹೇಳ್ತೀನಿ.”

ಮನೆಯಲ್ಲಿ ಗಂಡ ಸುಟ್ಟ ಬೆರಳನ್ನು ಲೋಟದ ನೀರಿನಲ್ಲಿ ಅದ್ದಿಕೊಂಡು ಕೂತಿದ್ದ. ಪಾತ್ರೆಯಲ್ಲಿ ಅನ್ನ ಗೋಡೆಗೆ ಕಾಗದ ಅಂಟಿಸುವ ಹದಕ್ಕೆ ಬಂದಿತ್ತು. ಅವಳು ಅದನ್ನೇ ಎರಡು ಸಲ ಬಡಿಸಿಕೊಂಡು ಉಂಡು, ಶಿಬಿರದ ವಿಷಯ ಹೇಳಿದಳು.

“ಒಂದು ತಿಂಗಳಾ?” ಗಂಡ ಪಾತ್ರೆಯ ಕಡೆ ನೋಡಿದ.

ಅತ್ತೆ ಅವನನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದರು. “ಹೋಗೋದಾದ್ರೆ ಇವನಿಗೆ ನೀರಿನ ಅಳತೆಯಾದ್ರೂ ಹೇಳ್ಕೊಟ್ಟು ಹೋಗೇ.”

“ನೀವೇ ಹೇಳ್ಕೊಡಿ ಅತ್ತೆ. ಬೆಳಿಗ್ಗೆ ನನಗೆ ಪ್ರಾಕ್ಟೀಸು.”