ಹಂಪಕ್ಕ ಕೊರೆದ ಲೋಕ

"ಅವ ಏನು ಉಣ್ತಾನ?"

ಹಂಪಕ್ಕನ ಮೊದಲ ಪ್ರಶ್ನೆ ಯಾವಾಗಲೂ ಇದೇ. ಹತ್ತು ತಲೆಯ ರಾಕ್ಷಸ ಬೇಕೆಂದರೂ ಇದೇ, ರೆಕ್ಕೆಯಿರುವ ಕುದುರೆ ಬೇಕೆಂದರೂ ಇದೇ. ಏನು ಉಣ್ಣುತ್ತಾನೆ, ಯಾರ ನೀರು ಕುಡಿಯುತ್ತಾನೆ, ಯಾರಿಗೆ ಅಂಜುತ್ತಾನೆ ಎಂಬುದು ಗೊತ್ತಾಗುವ ತನಕ ಆಕೆ ಉಳಿ ಮುಟ್ಟುತ್ತಿರಲಿಲ್ಲ. "ಹೊಟ್ಟಿ ಇಲ್ಲದ ರಾಕ್ಷಸ ಬರೇ ವೇಷ, ತಮ್ಮಾ. ಹುಡುಗ್ರು ಒಂದ ದಿನಕ್ಕ ಬಿಸಾಕ್ತಾರ."

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಸಿಂಧನೂರಿನಲ್ಲಿ ಪೆಪ್ಪರಮಿಂಟು, ಹುಣಸೆ ಉಂಡಿ ಪೊಟ್ಟಣ ಕಟ್ಟಿ, ಸೈಕಲ್ಲಿನ ಮೇಲೆ ಹೇರಿಕೊಂಡು ಗೊರೇಬಾಳ, ಬಳಗಾನೂರು ಕಡೆಯ ಅಂಗಡಿಗಳಿಗೆ ಹಾಕುತ್ತಿದ್ದೆ. ಎದುರಾಳಿಯೊಬ್ಬ ತನ್ನ ಪೊಟ್ಟಣದೊಳಗೆ ಸಿನಿಮಾದವರ ಫೋಟೊ ಇಡಲು ಶುರು ಮಾಡಿದ. ಎರಡೇ ತಿಂಗಳಲ್ಲಿ ನನ್ನ ಉಂಡಿಗಳು ಅಂಗಡಿಗಳಲ್ಲೇ ಒಣಗತೊಡಗಿದವು. ನನಗೂ ಚಿತ್ರ ಬೇಕಿತ್ತು, ಅದೂ ಅಗ್ಗದಲ್ಲಿ. ಲಿಂಗಸುಗೂರಿನ ಲಗ್ನಪತ್ರಿಕೆ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಹೆಂಗಸೊಬ್ಬಳು ಚಂದಾಗಿ ಅಚ್ಚು ಕೊರೆಯುತ್ತಾಳೆಂದು ಯಾರೋ ಹೇಳಿದರು. ಬಸ್ಸು ಹತ್ತಿ ಹೋದೆ.

ಆಕೆಗೆ ನಲವತ್ತು ದಾಟಿತ್ತು. ಅಪ್ಪ ಬಾಗಿಲುವಾಡ ಕೆತ್ತುವ ಬಡಿಗ, ತುಂಡು ಹೊಲವೂ ಇತ್ತು. ಮಸ್ಕಿಯ ಆಚೆ, ಕಾಲುವೆಯ ತುಟ್ಟತುದಿಯ ಹಳ್ಳಿಯವರು. ಮದುವೆಯಾದ ಎರಡು ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ಒಬ್ಬಳೇ ಲಿಂಗಸುಗೂರಿಗೆ ಬಂದು ದುಡಿದು ಉಣ್ಣುತ್ತಿದ್ದಳು. ಸವೆದ ಹವಾಯಿ ಚಪ್ಪಲಿಯ ಅಟ್ಟೆಯೇ ಆಕೆಯ ಅಚ್ಚು, ಕೊಡೆಯ ಕಡ್ಡಿ ಮಸೆದು ಮಾಡಿದ್ದೇ ಉಳಿ. ಪ್ರೆಸ್ಸಿನಲ್ಲಿ ತಪ್ಪಾಗಿ ಅಚ್ಚಾದ ಲಗ್ನಪತ್ರಿಕೆಗಳನ್ನು ಅಂಗೈಯಗಲ ಕತ್ತರಿಸಿ, ಖಾಲಿ ಮಗ್ಗುಲಿಗೆ ಒತ್ತಿದರೆ ಚೀಟಿ ತಯಾರು. ಅಚ್ಚಿನ ಖರ್ಚೂ ಇಲ್ಲ, ಕಾಗದದ ಖರ್ಚೂ ಇಲ್ಲ. ನಾನು ಒಳಗೊಳಗೇ ಕುಣಿದುಬಿಟ್ಟೆ.

"ಅಕ್ಕಾ, ಒಂದು ರಾಜ, ಒಂದು ಸಿಂಹ, ಒಂದು ಆನಿ ತೆಗಿ ಸಾಕು" ಎಂದೆ.

"ಯಾ ಊರ ರಾಜ?"

"ಯಾ ಊರಾದ್ರೇನು? ಕಿರೀಟ ಇದ್ರ ಆತು."

"ಊರಿಲ್ಲದ ರಾಜನ್ನ ಎಲ್ಲಿ ಕೂಡ್ರಿಸ್ಲಿ? ಹೋಗು, ಮುಂದಿನ ವಾರ ಬಾ."

ಮುಂದಿನ ವಾರ ಹೋದಾಗ ಒಂದು ಲೋಕವೇ ತಯಾರಾಗಿತ್ತು. ಮುಗಿಲಿನಲ್ಲಿ ಒಂದು ಅಣೆಕಟ್ಟು, ಅಲ್ಲಿಂದ ಇಳಿಯುವ ಒಂದು ಕಾಲುವೆ, ಅದರ ದಂಡೆಗುಂಟ ಐದು ಸೀಮೆ. ತಲೆಭಾಗದಲ್ಲಿ ನೀರಿನಲ್ಲಿ ನಿಂತೇ ನಿದ್ದೆ ಮಾಡುವ ಮೀನಮೂತಿ ರಾಜರು. ಅದರ ಕೆಳಗೆ ಮೋಡದ ಕುರಿ ಕಾಯುವವರು. ಅವರು ಉಣ್ಣೆ ಕತ್ತರಿಸಿದಾಗಲೆಲ್ಲ ಮಳೆ. ಆಮೇಲೆ ಎಂಟು ಕಾಲಿನಲ್ಲಿ ನಡೆದಾಡುವ ಒಂದು ಕೋಟೆ. ಅದನ್ನು ಆಕೆ ಮುದಗಲ್ಲಿನ ಕೋಟೆ ನೋಡಿ ಬಂದ ಮಾರನೆಯ ದಿನ ಕೊರೆದದ್ದು. ಅದಕ್ಕೆ ಆಹಾರ ಬಾವಲಿಗಳ ನಿದ್ದೆ. ನಾಲ್ಕನೆಯದು ಬಿಸಿಲು ತಿಂದು ವರ್ಷಕ್ಕೊಂದೇ ಮಾತಾಡುವ ಬಂಡೆಗಳ ಸೀಮೆ. ಕೊನೆಯದರಲ್ಲಿ ನೀರೇ ಬಾರದೆ ನೆರಳು ಕುಡಿದು ಬದುಕುವ ಮಂದಿ. ಅಲ್ಲಿಯ ಗಿಡಗಳಿಗೆಲ್ಲ ನೆರಳಿಲ್ಲ, ಕುಡಿದು ಮುಗಿಸಿದ್ದಾರೆ.

ಆಟ ಸರಳ. ಇಬ್ಬರು ಎದುರುಬದುರು ಕೂತು ಒಂದೊಂದು ಚೀಟಿ ಇಳಿಸಬೇಕು. ಕಾಲುವೆಯ ಮೇಲಿನ ಸೀಮೆ ಕೆಳಗಿನದನ್ನು ಸೋಲಿಸುತ್ತದೆ, ಸೋತವನ ಚೀಟಿ ಗೆದ್ದವನಿಗೆ. ಎಲ್ಲರನ್ನೂ ಸೋಲಿಸುವ ಚೀಟಿ ಒಂದೇ, ಹೊಲಹೊಲಕ್ಕೆ ನೀರು ಬಿಡುವ ನೀರಗಂಟಿ. ಹೆಗಲ ಮೇಲೆ ತೂಬು ತಿರುಗಿಸುವ ಕಬ್ಬಿಣದ ಹಿಡಿಕೆ ಹೊತ್ತ ಗಿಡ್ಡ ಮನುಷ್ಯ, ಮೈಮೇಲೆ ಹರಕು ಬನಿಯನ್ನು.

"ಇವಂಗರೆ ಒಂದು ಕಿರೀಟ ಇಡಕ್ಕಾ" ಎಂದೆ.

"ಕಿರೀಟ ಇದ್ದವ್ರೆಲ್ಲ ಇವನ ಮುಂದ ಕೈಕಟ್ಟಿ ನಿಂತಿದ್ದು ನಾ ಕಣ್ಣಾರೆ ನೋಡೀನಿ. ಇವಂಗ್ಯಾಕ ಬೇಕೋ ಕಿರೀಟ?"

ಚೀಟಿಗಳು ಹೊರಟವು. ತಿಂಗಳೊಳಗೆ ಗೊರೇಬಾಳದಿಂದ ಒಂದು ವಿಚಿತ್ರ ಸುದ್ದಿ ಬಂತು. ಚೀಟಿಯ ಹಿಂಬದಿಯಲ್ಲಿ ಲಗ್ನಪತ್ರಿಕೆಯ ಅರ್ಧರ್ಧ ಸಾಲುಗಳು ಉಳಿದಿದ್ದವಲ್ಲ, ಎರಡು ಚೀಟಿ ಜೋಡಿಸಿದಾಗ ಸಾಲು ಪೂರ್ತಿಯಾದರೆ ಅವೆರಡಕ್ಕೂ ಮದುವೆಯಾಗಿದೆ ಎಂದು ಅಲ್ಲಿಯ ಹುಡುಗರು ತೀರ್ಮಾನಿಸಿದ್ದರು. ಮದುವೆಯಾದ ಜೋಡಿಯನ್ನು ಒಟ್ಟಿಗೇ ಇಳಿಸಬೇಕು, ಅಗಲಿಸಬಾರದು. ನಡೆಯುವ ಕೋಟೆಗೂ ಒಂದು ಕುರಿಗೂ ಲಗ್ನವಾಗಿ ಕೂತಿತ್ತು. ಮಾಲು ಕೆಟ್ಟಿತೆಂದು ಗಾಬರಿಯಾಗಿ ಲಿಂಗಸುಗೂರಿಗೆ ಓಡಿದೆ. ಹಂಪಕ್ಕ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. "ಅಯ್ಯ, ಬೀಗರನ್ನ ನಾವ ಹುಡುಕೋದು ತಪ್ಪಿತಲ್ಲೋ! ಇರ್ಲಿ ಬಿಡು, ಇವತ್ತಿಂದ ಅದು ಕಾಯ್ದೆ."

ಇನ್ನು ನನ್ನ ಬುದ್ಧಿವಂತಿಕೆಯ ಕಥೆ. ನೀರಗಂಟಿಗಾಗಿ ಹುಡುಗರು ಪೊಟ್ಟಣದ ಮೇಲೆ ಪೊಟ್ಟಣ ಒಡೆಯುವುದನ್ನು ಕಂಡೆ. ಸಿಗದಷ್ಟೂ ಆಸೆ ಹೆಚ್ಚು, ಇದು ಯಾವ ವ್ಯಾಪಾರಿಗೂ ಗೊತ್ತಿರುವ ಸಂಗತಿ. ಹಂಪಕ್ಕ ಬೇರೆ ಚೀಟಿಗಳಷ್ಟೇ ನೀರಗಂಟಿಗಳನ್ನೂ ಒತ್ತಿ ಕೊಡುತ್ತಿದ್ದಳು. ನಾನು ಅವನ್ನೆಲ್ಲ ಮನೆಯ ತಗಡಿನ ಡಬ್ಬಿಯಲ್ಲಿ ಹಾಕಿಟ್ಟು, ಊರಿಗೊಂದರಂತೆ ಮಾತ್ರ ಬಿಡತೊಡಗಿದೆ. ಬಳಗಾನೂರಿಗೆ ಅದೂ ಇಲ್ಲ. ಮಾರಾಟ ಏರಿತು. ನನ್ನಂಥ ಶಾಣ್ಯಾ ಈ ಸೀಮೆಯಲ್ಲಿಲ್ಲ ಎಂದುಕೊಂಡೆ.

ಒಂದು ದಿನ ಪ್ರೆಸ್ಸಿಗೆ ಹೋದರೆ ಹಂಪಕ್ಕ ನನ್ನ ಮುಖ ನೋಡಲಿಲ್ಲ. ಕತ್ತರಿಸುತ್ತಿದ್ದ ಕಾಗದದ ಮೇಲೆಯೇ ಕಣ್ಣಿಟ್ಟು ಕೇಳಿದಳು.

"ಶರಣಪ್ಪ, ನಾ ಒತ್ತಿಕೊಟ್ಟ ನೀರಗಂಟಿಗಳು ಎಲ್ಲಿ ಹೋದ್ವು?"

"ಹೋಗ್ಯಾವಲ್ಲಕ್ಕ, ಎಲ್ಲಾ ಊರಿಗೂ..."

"ಬಳಗಾನೂರಿಂದ ಈರಮ್ಮ ಅಂತ ಒಂದು ಹುಡುಗಿ ಬಂದಿತ್ತು. ಅಪ್ಪ ಲಗ್ನಪತ್ರಿಕಿ ಹಾಕ್ಸಾಕ ಬಂದಿದ್ದ, ಅವನ ಕೂಡ. ಉಡಿ ತುಂಬ ಚೀಟಿ ಅದಾವ, ಒಂದು ನೀರಗಂಟಿ ಇಲ್ಲ. 'ಅಮ್ಮಾ, ನೀರಗಂಟಿ ಅಂಬಾವ ಖರೇನ ಅದಾನೇನು, ಇಲ್ಲಾ ಬರೇ ಸುಳ್ಳೇನು?' ಅಂತ ಕೇಳಿತು. ಏನು ಹೇಳ್ಲಿ ನಾ ಅದಕ್ಕ?"

ಮನೆಯ ಡಬ್ಬಿಯ ಸಂಗತಿ ಒಪ್ಪಿಕೊಂಡೆ.

"ನಮ್ಮಪ್ಪ ಮೂರು ವರ್ಷ ಕಾಲುವಿ ದಂಡಿಮ್ಯಾಲ ಕುಂತಿದ್ದ. ಮ್ಯಾಲಿನವರು ತೂಬು ಹಾಕ್ಕೊಂಡು ಕುಂತಿದ್ರು. ನೀರು ಕಾಗದದಾಗ ಇತ್ತು, ಹೊಲಕ್ಕ ಬರ್ಲಿಲ್ಲ. ಈಗ ನೀನೂ ಅದನ್ನ ಮಾಡೀದಿ, ನನ್ನ ಕೈಲೆ ಮಾಡ್ಸೀದಿ." ಪಕ್ಕದಲ್ಲಿದ್ದ ಉಳಿಯನ್ನು ತೆಗೆದು ನನ್ನ ಮುಂದಿಟ್ಟಳು. "ಡಬ್ಬಿಯಾಗಿನವು ಎಲ್ಲಾ ಬಿಡು. ಒಂದೊಂದು ಪೊಟ್ಣದಾಗ ಒಂದೊಂದು. ಇಲ್ಲಾ ಅಂದ್ರ ಇವತ್ತಿಗೆ ನನ್ನ ಕೆಲಸ ಮುಗೀತು."

ನಾನು ಚೌಕಾಸಿಗೆ ಹುಟ್ಟಿದವನು. "ಐದಕ್ಕೊಂದು ಬಿಡ್ತೀನಕ್ಕ" ಎಂದೆ. ಆಕೆ ಮತ್ತೆ ಕಾಗದ ಕತ್ತರಿಸತೊಡಗಿದಳು. "ಮೂರಕ್ಕೊಂದು?" ಇನ್ನೊಂದು ಕಾಗದ ಎತ್ತಿಕೊಂಡಳು. ನಾನು ದನಿ ಏರಿಸಿದೆ: "ಎಲ್ಲರಿಗೂ ಸಿಕ್ರ ಆಟ ಮುಗೀತೈತಿ. ಆಟ ಮುಗಿದ್ರ ನನ್ನ ಒಲಿ ಆರತೈತಿ, ತಿಳ್ಕೋ."

"ಆಟ ಮುಗಿದ್ರ ನಾ ಕೆಟ್ಟದ್ದು ಕೊರದೀನಿ ಅಂತ ಅರ್ಥ. ಬಿಟ್ಟು ನೋಡು."

ಬಸ್ಸಿನಲ್ಲಿ ಸಿಂಧನೂರಿನ ತನಕ ಲೆಕ್ಕ ಹಾಕಿದೆ. ಹಂಪಕ್ಕ ಇಲ್ಲದಿದ್ದರೆ ವ್ಯಾಪಾರ ಇಲ್ಲ. ಆಕೆ ಹೇಳಿದಂತೆ ಮಾಡಿದರೆ ಒಂದು ತಿಂಗಳಿಗೆ ಮುಗಿಯುತ್ತದೆ. ಆ ಹುಡುಗಿಯ ಪ್ರಶ್ನೆ ಬೇರೆ ಕೊರೆಯುತ್ತಿತ್ತು. ಮನೆಗೆ ಬಂದವನೇ ಡಬ್ಬಿ ಸುರುವಿದೆ.

ಆಟ ಮುಗಿಯಲಿಲ್ಲ. ಪ್ರತಿಯೊಬ್ಬರ ಕೈಗೂ ನೀರಗಂಟಿ ಬಂದ ಮೇಲೆ ಹೊಸ ತಕರಾರು ಎದ್ದಿತು: ನೀರಗಂಟಿಗೆ ನೀರಗಂಟಿ ಎದುರಾದರೆ ಗೆದ್ದವರು ಯಾರು? ಅಂಗಡಿ ಅಂಗಡಿಯಲ್ಲೂ ನನ್ನ ಸೈಕಲ್ಲು ತಡೆದು ಕೇಳಿದರು. ನಾನು ಆ ಪ್ರಶ್ನೆಯನ್ನು ಲಿಂಗಸುಗೂರಿಗೆ ಹೊತ್ತೆ. ಹಂಪಕ್ಕ ನಾಲ್ಕು ದಿನ ಯೋಚಿಸಿ 'ಪಾಳಿ' ಎಂಬ ಚೀಟಿ ಕೊರೆದಳು. ಚಿತ್ರದಲ್ಲಿ ಒಂದೇ ಹಿಡಿಕೆಯನ್ನು ಎರಡು ಕಡೆಯಿಂದ ಹಿಡಿದ ಇಬ್ಬರು. ಪಾಳಿ ಇಳಿಸಿದವನು ಒಂದು ಸರದಿ ನೀರು ತನ್ನ ಸೀಮೆಗೆ ತಿರುಗಿಸಿಕೊಳ್ಳಬಹುದು, ಆಮೇಲೆ ಬಿಟ್ಟುಕೊಡಲೇಬೇಕು. ಮೊದಲ ಬಾರಿಗೆ ನೆರಳು ಕುಡಿಯುವವರ ಸೀಮೆ ಗೆಲ್ಲತೊಡಗಿತು. ಅಲ್ಲಿಂದ ಪ್ರಶ್ನೆ ಹೋಗುವುದು, ಚೀಟಿ ಬರುವುದು, ಹೀಗೆ ಆರು ವರ್ಷ ನಡೆಯಿತು. ಎದುರಾಳಿಯ ಸಿನಿಮಾ ಫೋಟೊ ಯಾವಾಗ ನಿಂತಿತೋ ನನಗೆ ಗೊತ್ತಾಗಲೂ ಇಲ್ಲ.

ನನ್ನ ಬಳಿ ಸಲಹೆ ಕೇಳಲು ಬರುವವರಿಗೆ ಈಗಲೂ ಇದನ್ನೇ ಹೇಳುತ್ತೇನೆ. ಬಚ್ಚಿಟ್ಟು ಮಾರಿದರೆ ಗಿರಾಕಿ ನಿಮ್ಮ ಮಾಲನ್ನು ನೋಡುವುದಿಲ್ಲ, ನಿಮ್ಮ ಕೈಯನ್ನು ನೋಡುತ್ತಾನೆ. ಪೂರ್ತಿ ಕೊಡಿ, ಪೂರ್ತಿ ಸಿಕ್ಕವನೇ ಇನ್ನೊಂದನ್ನು ಕೇಳುತ್ತಾನೆ. ಸಿಂಧನೂರಿನಲ್ಲಿ ನಾನು ಅಂಗಡಿ ಕಟ್ಟಿದ್ದು ಈ ಒಂದು ಪಾಠದ ಮೇಲೆ. ಇದನ್ನು ಕಲಿಸಿದವಳು ಕಾಗದ ಕತ್ತರಿಸುವ ಹೆಂಗಸು ಎಂದು ಹೇಳಲು ನನಗೆ ಸಂಕೋಚವಿಲ್ಲ.

ತೊಂಬತ್ತರ ದಶಕದ ನಡುವೆ ಬಣ್ಣಬಣ್ಣದ ಕಂಪನಿ ಪೊಟ್ಟಣಗಳು ಬಂದವು. ನಾನು ಉಂಡಿ ಕಟ್ಟುವುದನ್ನು ನಿಲ್ಲಿಸಿ ಕಿರಾಣಿಗೆ ಇಳಿದೆ. ನೆನಪಿಗೆ ಇರಲೆಂದು ಅಚ್ಚುಗಳನ್ನು ಕೇಳಲು ಹೋದೆ. ಹಂಪಕ್ಕ ಸೊರಗಿದ್ದಳು, ಕೆಮ್ಮುತ್ತಿದ್ದಳು. ಅಚ್ಚು ಇಡುತ್ತಿದ್ದ ಗೋಡೆಯ ಗೂಡು ಖಾಲಿಯಾಗಿತ್ತು.

"ಅಚ್ಚು ಎಲ್ಲಿ ಅದಾವಕ್ಕ?"

"ಹಂಚಿಬಿಟ್ಟೆ. ಪತ್ರಿಕಿ ಹಾಕ್ಸಾಕ ಬಂದವರ ಮಕ್ಕಳಿಗೆ, ಊರಿಗೊಂದೊಂದು. ಬೇಕಾದ್ರ ಅವರ ಮನಿ ಬಾಗಿಲಿಗೆ ಹೋಗಿ ಕೇಳು."

"ನನಗೊಂದು ಇಡಬಾರದಾ?"

"ನಿನ್ನ ಡಬ್ಬಿ ಮ್ಯಾಲ ನನಗಿನ್ನೂ ನಂಬಿಕಿ ಇಲ್ಲ" ಎಂದು ನಕ್ಕಳು. ಅದೇ ಕೊನೆಯ ಭೇಟಿ.

ಮುಂದಿನ ವರ್ಷ ವಸೂಲಿಗೆಂದು ಬಳಗಾನೂರಿಗೆ ಹೋದಾಗ ಈರಮ್ಮ ಸಿಕ್ಕಳು. ಹೈಸ್ಕೂಲಿನ ಹುಡುಗಿಯಾಗಿದ್ದಳು. ನನ್ನನ್ನು ನಿಲ್ಲಿಸಿ, ತನ್ನ ಹೆಸರು ಹೇಳಿ ಒಂದು ಚೀಟಿ ಕೈಗಿತ್ತಳು. ನೀಲಿ ಮಸಿ, ಸೊಟ್ಟ ಗೆರೆ. ಕಾಲುವೆಯ ತುದಿಯಾಚೆ ಆರನೆಯ ಸೀಮೆ. ಅದು ಹಂಪಕ್ಕ ಕೊರೆದದ್ದಲ್ಲ, ಆ ಹುಡುಗಿಯೇ ಕೊರೆದದ್ದು. ಮರುದಿನವೇ ಅದನ್ನು ಜೇಬಿನಲ್ಲಿಟ್ಟುಕೊಂಡು ಲಿಂಗಸುಗೂರಿಗೆ ಹೋದೆ. ಮನೆಗೆ ಬೀಗ ಬಿದ್ದಿತ್ತು. "ಹಂಪಕ್ಕ ತೀರಿಕೊಂಡು ತಿಂಗಳಾತ್ರಿ" ಎಂದಳು ಪಕ್ಕದ ಮನೆಯಾಕೆ.

ತಿರುಗಿ ಬಳಗಾನೂರಿಗೇ ಹೋಗಿ ಚೀಟಿಯನ್ನು ಈರಮ್ಮನಿಗೆ ಕೊಟ್ಟೆ.

"ಎಷ್ಟು ಒತ್ತೀದಿ ಇದನ್ನ?"

"ಇದೊಂದರೀ."

"ಒಂದ ಇರಬಾರದವ್ವ. ಕೇಳಿದವ್ರಿಗೆಲ್ಲಾ ಒಂದೊಂದು ಕೊಡು" ಎಂದೆ. ಅಂಗಡಿಯಲ್ಲಿ ಉಳಿದಿದ್ದ ರಟ್ಟನ್ನೆಲ್ಲ ಮರುವಾರ ಅವಳ ಮನೆಗೆ ಕಳಿಸಿದೆ.